ನಾಟಿ ಎಂಬ ಮಾತು, ಜೌಗಿನ ದಾಸವಾಳ

ಒಂದೇ ಎಲೆಯನ್ನು ಎರಡು ಹುಳುಗಳು ತಿನ್ನುತ್ತಿವೆ. ಒಂದು, ತಾಮ್ರದ ಬಣ್ಣದ ರೆಕ್ಕೆ, ಹಸಿರಾಗಿ ಮಿನುಗುವ ತಲೆ ಇರುವ ಜಪಾನೀಸ್ ಬೀಟಲ್. ಇನ್ನೊಂದು, ಸಾಫ್ಲೈ ಎಂಬ ಪುಟ್ಟ ಕೀಟದ ಹಸಿರು ಮರಿಹುಳು. ಎರಡೂ ಎಲೆಯ ನರಗಳನ್ನಷ್ಟೇ ಉಳಿಸಿ ಉಳಿದದ್ದನ್ನೆಲ್ಲ ಮೇಯ್ದು ಜಾಲರಿ ಮಾಡಿಬಿಡುತ್ತವೆ. ಜಾಲರಿಯನ್ನು ನೋಡಿ ಯಾರು ತಿಂದದ್ದೆಂದು ಹೇಳುವುದು ನನ್ನಂಥವರಿಗೆ ಕಷ್ಟ. ಪಕ್ಕದ ಮನೆಯ ಹಿರಿಯ ಮಹಿಳೆ, ನಿವೃತ್ತ ಶಾಲಾ ಶಿಕ್ಷಕಿ, ಬೇಸಿಗೆಯ ಬೆಳಗಿನಲ್ಲಿ ಸೋಪುನೀರಿನ ಡಬ್ಬಿ ಹಿಡಿದು ಬಂದು ಮೊದಲನೆಯದನ್ನು ಆಯ್ದು ನೀರಿಗೆ ಹಾಕುತ್ತಾರೆ. ಎರಡನೆಯದನ್ನು ಹಾಗೇ ಬಿಡುತ್ತಾರೆ. ಯಾಕೆ ಎಂದರೆ ಉತ್ತರ ಚಿಕ್ಕದು: ಅದು ಹೊರಗಿನದು, ಇದು ಇಲ್ಲಿಯದು.

ಅವರು ಸುಳ್ಳು ಹೇಳುತ್ತಿಲ್ಲ. ಜಪಾನೀಸ್ ಬೀಟಲ್ ಈ ದೇಶದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು 1916ರಲ್ಲಿ, ನ್ಯೂಜೆರ್ಸಿಯ ರಿವರ್ಟನ್ ಊರಿನ ಒಂದು ನರ್ಸರಿಯ ಬಳಿ. ಸಾಫ್ಲೈ ಇಲ್ಲಿಯದೇ ಕೀಟ, ಈ ಗಿಡವನ್ನೂ ಇದರ ಬಳಗವನ್ನೂ ತಿಂದುಕೊಂಡೇ ಬಂದದ್ದು. ಆದರೂ ಒಂದು ಜೀವಿ ಸಾಯಬೇಕೋ ಬದುಕಬೇಕೋ ಎಂಬ ಪ್ರಶ್ನೆಗೆ ಅದರ ಹುಟ್ಟೂರು ಉತ್ತರವಾಗಬಹುದೆ? ತತ್ತ್ವಶಾಸ್ತ್ರದ ತರಗತಿಯಲ್ಲಿ ಕೂತು ಕೇಳಿದರೆ ಇದು ಬರೀ ವಾದದ ಸರಕು. ಸೋಪುನೀರಿನ ಡಬ್ಬಿಯ ಮುಂದೆ ನಿಂತಾಗ ಹಾಗಿರುವುದಿಲ್ಲ.

ಗಿಡದ ವಿಷಯ ಮೊದಲು ಹೇಳಿಬಿಡುತ್ತೇನೆ. ನಾನು ಓದುತ್ತಿರುವುದು ಅಮೆರಿಕದ ಮೇರಿಲ್ಯಾಂಡಿನಲ್ಲಿ. ಇಲ್ಲಿನ ನದಿಗಳು ಚೆಸಪೀಕ್ ಕೊಲ್ಲಿಯನ್ನು ಸೇರುವ ಮೊದಲು ಅಗಲವಾಗಿ ಹರಡಿಕೊಂಡು ಜೌಗು ಮಾಡುತ್ತವೆ. ಪಟಕ್ಸೆಂಟ್ ನದಿಯ ದಡದ ಜಗ್ ಬೇ ಎಂಬಲ್ಲಿ ಆಗಸ್ಟ್ ತಿಂಗಳಲ್ಲಿ ನಿಂತರೆ ಹುಲ್ಲಿನ ನಡುವೆ ಬಿಳಿ, ತೆಳುಗುಲಾಬಿ ಬಣ್ಣದ ದೊಡ್ಡ ದೊಡ್ಡ ಹೂವು ಕಾಣುತ್ತವೆ. ಊಟದ ತಟ್ಟೆಯಷ್ಟು ಅಗಲ ಎಂದರೆ ಉತ್ಪ್ರೇಕ್ಷೆ, ತಿಂಡಿಯ ತಟ್ಟೆಯಷ್ಟು ಎನ್ನಲು ಅಡ್ಡಿಯಿಲ್ಲ. ನಡುವೆ ಕಡುಗೆಂಪು ಕಣ್ಣು, ಅದರಿಂದ ಹೊರಗೆ ಚಾಚಿದ ಪರಿಚಿತ ದಂಡು. ಮೊದಲ ಸಲ ನೋಡಿದಾಗ ಯಾವ ಕನ್ನಡಿಗರಾದರೂ 'ಅರೆ, ದಾಸವಾಳ' ಅನ್ನುತ್ತಾರೆ. ದಾಸವಾಳವೇ. ಸಸ್ಯಶಾಸ್ತ್ರದ ಹೆಸರು ಹಿಬಿಸ್ಕಸ್ ಮಾಸ್ಕ್ಯೂಟಸ್. ನಾನು ಇದನ್ನು ಜೌಗಿನ ದಾಸವಾಳ ಎಂದು ಕರೆದುಕೊಳ್ಳುತ್ತೇನೆ. ನಮ್ಮ ದಾಸವಾಳದ ಹಾಗೆ ಇದರ ಹೂವಿಗೂ ಒಂದೇ ದಿನದ ಆಯುಸ್ಸು. ಆದರೆ ನಮ್ಮದು ವರ್ಷವಿಡೀ ಹಸಿರಾಗಿರುವ ಪೊದೆ, ಇದು ಚಳಿಗಾಲಕ್ಕೆ ನೆಲದ ಮಟ್ಟಕ್ಕೆ ಸತ್ತು, ಬುಡ ಮಾತ್ರ ಮಣ್ಣೊಳಗೆ ಜೀವ ಹಿಡಿದುಕೊಂಡಿರುತ್ತದೆ. ಮತ್ತೆ ಚಿಗುರುವುದಕ್ಕೂ ಅವಸರವಿಲ್ಲ. ಏಪ್ರಿಲಿನಲ್ಲಿ ಊರೆಲ್ಲ ಹಸಿರಾದರೂ ಇದರ ಜಾಗ ಬೋಳು. ಮೇ ತಿಂಗಳು ಅರ್ಧ ಕಳೆದ ಮೇಲೆ ಕೆಂಪು ಮೊಳಕೆ ತಲೆ ಎತ್ತುತ್ತದೆ. ಆಮೇಲೆ ಬೆಳೆಯುವ ವೇಗ ನೋಡಬೇಕು. ಜುಲೈ ಹೊತ್ತಿಗೆ ನನ್ನ ಎದೆಯ ಎತ್ತರ.

ಮನೆಯಂಗಳದಲ್ಲಿ ಬೆಳೆಸಲು ಇದಕ್ಕೆ ಬೇಕಾದದ್ದು ಎರಡೇ: ಪೂರ್ತಿ ಬಿಸಿಲು ಮತ್ತು ಒಣಗದ ಮಣ್ಣು. ಬೇರೆ ಗಿಡಗಳು ಬೇರು ಕೊಳೆತು ಸಾಯುವ ಜಿಗುಟು ಜೇಡಿಯಲ್ಲಿ ಇದು ಸುಖವಾಗಿರುತ್ತದೆ. ಅದಕ್ಕೇ ಇಲ್ಲಿನ ರೇನ್ ಗಾರ್ಡನ್‌ಗಳಲ್ಲಿ ಇದಕ್ಕೆ ಬೇಡಿಕೆ. ಮಾಡಿನ ನೀರು ಸೀದಾ ಚರಂಡಿಗೆ, ಚರಂಡಿಯಿಂದ ಕೊಲ್ಲಿಗೆ ಓಡಿಹೋಗದಂತೆ ಅಂಗಳದಲ್ಲಿ ಒಂದು ತಗ್ಗು ಮಾಡಿ ನೀರನ್ನು ನಿಲ್ಲಿಸಿ ಇಂಗಿಸುವ ಏರ್ಪಾಡು ಅದು. ನಮ್ಮಲ್ಲಿ ಪಾತ್ರೆ ತೊಳೆದ ನೀರು ಹರಿಯುವ ಕಡೆ ಬಾಳೆ, ಕೆಸು ನೆಡುವುದಿಲ್ಲವೆ, ಹೆಚ್ಚು ಕಡಿಮೆ ಅದೇ ಬುದ್ಧಿ. ಪಕ್ಕದ ಮನೆಯವರ ತಗ್ಗಿನ ಅರ್ಧ ನಾನು ಬಾಡಿಗೆಗಿರುವ ಮನೆಯ ಅಂಗಳಕ್ಕೂ ಚಾಚಿಕೊಂಡಿದೆ. ಹಾಗಾಗಿ ಗಿಡಗಳೂ ಜಗಳಗಳೂ ಇಬ್ಬರಿಗೂ ಸೇರಿದವು.

ಈಗ ಆ ಮಾತಿಗೆ ಬರೋಣ. 'ನೇಟಿವ್', 'ಏಲಿಯನ್' ಎಂದು ಗಿಡಗಳನ್ನು ವಿಂಗಡಿಸುವುದು ನಿಸರ್ಗವೇ ಮಾಡಿಕೊಟ್ಟ ವ್ಯವಸ್ಥೆ ಎಂಬಂತೆ ನಾವು ಮಾತಾಡುತ್ತೇವೆ. ಇತಿಹಾಸ ನೋಡಿದರೆ ಆ ಪದಗಳು ಸಸ್ಯಶಾಸ್ತ್ರಕ್ಕೆ ಬಂದದ್ದು ಕೋರ್ಟಿನಿಂದ. 1840ರ ದಶಕದಲ್ಲಿ ಹ್ಯೂಯೆಟ್ ವಾಟ್ಸನ್ ಎಂಬ ಬ್ರಿಟಿಷ್ ಸಸ್ಯಶಾಸ್ತ್ರಜ್ಞ ತನ್ನ ದ್ವೀಪದ ಗಿಡಗಳಲ್ಲಿ ನಿಜವಾಗಿ ಬ್ರಿಟಿಷ್ ಯಾವುವು ಎಂದು ಬೇರ್ಪಡಿಸಲು ಹೊರಟಾಗ ಇಂಗ್ಲಿಷ್ ಕಾನೂನಿನಲ್ಲಿ ಪ್ರಜೆಗಳನ್ನು ವಿಂಗಡಿಸಲು ಬಳಸುತ್ತಿದ್ದ ಮಾತುಗಳನ್ನು ಎರವಲು ತಂದ. ಅಂದರೆ ಮೊದಲು ಮನುಷ್ಯರನ್ನು ಹಾಗೆ ಕರೆದದ್ದು, ಗಿಡಗಳನ್ನು ಕರೆದದ್ದು ಆಮೇಲೆ. ಗಿಡಗಳಿಂದ ಮನುಷ್ಯರಿಗೆ ಪಾಠ ಹೇಳುವವರು ಈ ಸಾಲ ಯಾವ ದಿಕ್ಕಿನಿಂದ ಬಂತೆಂಬುದನ್ನು ನೆನಪಿಡುವುದು ಒಳ್ಳೆಯದು. ನನಗಂತೂ ಅದು ವರ್ಷಕ್ಕೊಮ್ಮೆ ತಾನಾಗಿ ನೆನಪಾಗುತ್ತದೆ. ಏಪ್ರಿಲಿನ ಒಳಗೆ ತುಂಬಬೇಕಾದ ತೆರಿಗೆಯ ಅರ್ಜಿಯಲ್ಲಿ ನನ್ನಂಥ ವಿದ್ಯಾರ್ಥಿಗಳ ವರ್ಗದ ಹೆಸರೇ 'ನಾನ್‌ರೆಸಿಡೆಂಟ್ ಏಲಿಯನ್'.

ಕನ್ನಡದಲ್ಲಿ ಇದಕ್ಕೆ ಏನನ್ನುತ್ತೇವೆ? ಹಳೇ ಮೈಸೂರಿನ ಕಡೆಯವರಾದರೆ 'ನಾಟಿ' ಅನ್ನುತ್ತೇವೆ. ನಾಟಿ ಕೋಳಿ, ನಾಟಿ ಹಸು, ನಾಟಿ ಕೊತ್ತಂಬರಿ. ವಿದೇಶದ್ದಾದರೆ 'ಸೀಮೆ': ಸೀಮೆಹಸು, ಸೀಮೆಬದನೆ, ಸೀಮೆಸುಣ್ಣ. ಈ 'ನಾಟಿ' ಎಂಬ ಮಾತು ಎಂಥ ವಿಚಿತ್ರ ನೋಡಿ. ಒಟ್ಲುಪಾತಿಯಲ್ಲಿ ಬೆಳೆಸಿದ ಭತ್ತದ ಪೈರನ್ನು ಕಿತ್ತು ಕೆಸರುಗದ್ದೆಯಲ್ಲಿ ಊರುವುದೂ ನಾಟಿಯೇ. ಒಂದು ಜಾಗದಿಂದ ಕಿತ್ತು ಇನ್ನೊಂದು ಜಾಗದಲ್ಲಿ ನೆಟ್ಟದ್ದಕ್ಕೂ, ಮೊದಲಿನಿಂದಲೂ ಇಲ್ಲೇ ಇದ್ದದ್ದಕ್ಕೂ ಒಂದೇ ಮಾತು. ಎರಡರ ಮೂಲ ಬೇರೆ ಬೇರೆ ಇದ್ದೀತು, ಅದನ್ನು ನಿಘಂಟುಕಾರರಿಗೆ ಬಿಡೋಣ. ಆಡುವವರ ಬಾಯಲ್ಲಿ ಮಾತ್ರ ಅವು ಒಟ್ಟಿಗೆ ಸಂಸಾರ ಮಾಡುತ್ತಿವೆ. ಸಂತೆಯಲ್ಲಿ 'ನಾಟಿ ಟೊಮೆಟೊ' ಎಂದು ಕೂಗಿ ಮಾರುವ ಹೆಂಗಸಿಗೆ ಟೊಮೆಟೊ ದಕ್ಷಿಣ ಅಮೆರಿಕದಿಂದ ಬಂದದ್ದೆಂದು ಹೇಳಿ ನೋಡಿ. 'ಬಂದಿರ್ಬೋದು ಸ್ವಾಮಿ, ಹುಳಿ ನೋಡಿ' ಅನ್ನುತ್ತಾಳೆ. ಅವಳ ಮಟ್ಟಿಗೆ ನಾಟಿ ಎಂದರೆ ರುಚಿಯಿರುವ, ನಮ್ಮ ಸಾರಿಗೆ ಒಗ್ಗಿದ, ಹೈಬ್ರಿಡ್ ಅಲ್ಲದ ಹಣ್ಣು. ಹುಟ್ಟಿನ ಚೀಟಿಯನ್ನು ಅವಳು ಕೇಳುವುದಿಲ್ಲ. ಇಷ್ಟಕ್ಕೂ ನಾವು ದೇವರಿಗೆ ಇಡುವ ಕೆಂಪು ದಾಸವಾಳದ ಕಥೆಯೇನು? ಸಸ್ಯಶಾಸ್ತ್ರದಲ್ಲಿ ಅದರ ಹೆಸರು ರೋಸಾ ಸೈನೆನ್ಸಿಸ್, ಚೀನಾದ ಗುಲಾಬಿ. ಕಾಡುಗಿಡವಾಗಿ ಅದು ಎಲ್ಲೂ ಸಿಕ್ಕಿಲ್ಲ. ಮನುಷ್ಯರ ಜೊತೆ ಹಿತ್ತಿಲಿಂದ ಹಿತ್ತಿಲಿಗೆ ನಡೆದುಬಂದ ಗಿಡ ಅದು. ಅದನ್ನು ನಮ್ಮದಲ್ಲ ಎನ್ನುವ ಧೈರ್ಯ ಯಾವ ಗಣಪತಿ ಗುಡಿಯ ಮುಂದೆ ಯಾರಿಗಿದೆ?

ಹಾಗಾದರೆ ನೇಟಿವ್ ಎಂಬುದೆಲ್ಲ ಬರೀ ಕಟ್ಟುಕಥೆಯೇ? ಅಷ್ಟು ಸುಲಭವಾಗಿ ಜಾರಿಕೊಳ್ಳುವವರನ್ನು ಕಂಡರೂ ನನಗೆ ಅನುಮಾನ.

ಈ ಮಾತಿನ ಅಪಾಯವಂತೂ ನಿಜವಾದದ್ದು. 1942ರಲ್ಲಿ ನಾಜಿ ಜರ್ಮನಿಯ ಸ್ಯಾಕ್ಸನಿಯ ಸಸ್ಯಶಾಸ್ತ್ರಜ್ಞರ ಒಂದು ಗುಂಪು, ಹಳದಿ ಹೂವಿನ ಒಂದು ಪುಟ್ಟ ಗಿಡದ ಮೇಲೆ — ನಮ್ಮ ಗೌರಿಹೂವಿನ ಬಳಗದ್ದು, ಏಷ್ಯಾದಿಂದ ಬಂದದ್ದು — ನಿರ್ಮೂಲನದ ಯುದ್ಧ ಸಾರಬೇಕೆಂದು ಬರೆಯಿತು. ಬೋಲ್ಶೆವಿಸಂ ವಿರುದ್ಧದ ಹೋರಾಟಕ್ಕೆ ಅದನ್ನು ಹೋಲಿಸಿತು. ಗಿಡದ ಪಕ್ಕದಲ್ಲೇ ಆಗ ಯಾರು ಯಾರ ನಿರ್ಮೂಲನ ನಡೆಯುತ್ತಿತ್ತೆಂದು ನೆನೆದರೆ ಮೈ ಜುಮ್ಮೆನ್ನುತ್ತದೆ. ಸ್ಟೀಫನ್ ಜೇ ಗೌಲ್ಡ್‌ನಂಥ ವಿಜ್ಞಾನಿ 1990ರ ದಶಕದಲ್ಲಿ ಈ ಪರಿಕಲ್ಪನೆಯನ್ನು ಕೆದಕಿ, ಒಂದು ಜಾಗದ ಗಿಡ ಆ ಜಾಗಕ್ಕೆ ಅತ್ಯುತ್ತಮ ಎಂಬ ನಂಬಿಕೆಗೆ ವಿಕಾಸವಾದದಲ್ಲಿ ಆಧಾರವಿಲ್ಲ ಎಂದು ತೋರಿಸಿದ. ಅಲ್ಲಿರುವುದು ಅಲ್ಲಿಗೆ ಬಂದು ತಲುಪಿದ್ದು, ಅಷ್ಟೆ. ಬರಲಾಗದ ಉತ್ತಮ ಗಿಡಗಳು ಬೇರೆಲ್ಲೋ ಇದ್ದಾವು. 2011ರಲ್ಲಿ ಮಾರ್ಕ್ ಡೇವಿಸ್ ಮತ್ತು ಹದಿನೆಂಟು ಮಂದಿ ಪರಿಸರ ವಿಜ್ಞಾನಿಗಳು 'ನೇಚರ್' ಪತ್ರಿಕೆಯಲ್ಲಿ, ಪ್ರಭೇದಗಳನ್ನು ಹುಟ್ಟಿನಿಂದ ಅಳೆಯಬೇಡಿ, ಅವು ಮಾಡುವ ಕೆಲಸದಿಂದ ಅಳೆಯಿರಿ ಎಂದು ವಾದಿಸಿದರು.

ಇನ್ನು ಗೆರೆ ಎಳೆಯುವ ಪ್ರಶ್ನೆ. ಇಲ್ಲಿ ಸಾಮಾನ್ಯವಾಗಿ ಯುರೋಪಿಯನ್ನರು ಬರುವ ಮೊದಲು ಇದ್ದ ಗಿಡ ನೇಟಿವ್. ಆ ಗೆರೆಯನ್ನು ಗಿಡಗಳಿಗೆ ಎಳೆದವರು ಬಹುತೇಕ ಗೆರೆಯ ಈಚೆಗೆ ಬಂದವರ ಮಕ್ಕಳು. ಈ ಜೌಗುಗಳ ದಡದಲ್ಲಿ ಆ ಗೆರೆಯ ಆಚೆಗೂ ಬದುಕಿದ್ದ ಪಿಸ್ಕಾಟವೇ ಜನರನ್ನು ಮೇರಿಲ್ಯಾಂಡ್ ರಾಜ್ಯ ಅಧಿಕೃತವಾಗಿ ಮಾನ್ಯ ಮಾಡಿದ್ದು 2012ರಲ್ಲಿ. ಇದಕ್ಕೆ ವ್ಯಾಖ್ಯಾನ ಬೇಕಿಲ್ಲ.

ಆದರೆ ಅದೇ ಜೌಗಿಗೆ ಹೋಗಿ ನೋಡಿ. ಫ್ರಾಗ್ಮೈಟಿಸ್ ಎಂಬ, ಎರಡಾಳೆತ್ತರದ ಲಾಳದಂಥ ಹುಲ್ಲು ಎಕರೆಗಟ್ಟಲೆ ಒತ್ತಾಗಿ ನಿಂತಿರುತ್ತದೆ. ಅದರೊಳಗೆ ಜೌಗಿನ ದಾಸವಾಳವೂ ಇಲ್ಲ, ಬೇರೇನೂ ಇಲ್ಲ. ವಿಚಿತ್ರವೆಂದರೆ ಈ ಹುಲ್ಲು ಅಮೆರಿಕದ್ದೂ ಹೌದು. 2002ರಲ್ಲಿ ಕ್ರಿಸ್ಟಿನ್ ಸಾಲ್ಟನ್‌ಸ್ಟಾಲ್ ಎಂಬ ವಿಜ್ಞಾನಿ ಒಣಗಿಸಿಟ್ಟ ಹಳೆಯ ಮಾದರಿಗಳ ಡಿಎನ್‌ಎ ನೋಡಿ, ಇಲ್ಲಿಯದೇ ಆದ ತಳಿಯ ಜಾಗವನ್ನು ಹೊರಗಿನಿಂದ ಬಂದ ತಳಿಯೊಂದು ಯಾರಿಗೂ ಗೊತ್ತಾಗದಂತೆ ಆಕ್ರಮಿಸಿಕೊಂಡಿದೆ ಎಂದು ತೋರಿಸಿದರು. ಕಣ್ಣಿಗೆ ಒಂದೇ ಹುಲ್ಲು, ಹೆಸರೂ ಒಂದೇ. ನಮ್ಮ ಕಡೆ ಈ ಪಾಠ ಹೇಳಿಕೊಡಬೇಕಾಗಿಲ್ಲ. ಬಂಡೀಪುರದ, ಬಿಳಿಗಿರಿರಂಗನ ಬೆಟ್ಟದ ಕಾಡಿನ ನೆಲವನ್ನು ಲಂಟಾನ ಹೇಗೆ ಮುಚ್ಚಿದೆ ಎಂದು ನೋಡಿದವರು, ಬೆಂಗಳೂರಿನ ಕೆರೆಗಳ ಮೇಲೆ ಹಸಿರು ಚಾಪೆಯಾಗಿ ಹಾಸಿದ ಅಂತರಗಂಗೆಯನ್ನು ನೋಡಿದವರು 'ಎಲ್ಲ ಗಿಡಗಳೂ ಒಂದೇ, ಭೇದವೇಕೆ' ಎಂದು ಉದಾರವಾಗಿ ಮಾತಾಡಲಾರರು. ಎರಡೂ ಅಮೆರಿಕ ಖಂಡಗಳಿಂದ ಬಂದವು. ಸೊಪ್ಪಿಗೂ ಗೆಡ್ಡೆಗೂ ಕಾಡಿಗೆ ಹೋಗುವ ಹೆಂಗಸಿಗೆ ಲಂಟಾನದ ಮುಳ್ಳು ತತ್ತ್ವಶಾಸ್ತ್ರವಲ್ಲ.

ಈ ಎರಡು ಸತ್ಯಗಳ ನಡುವೆ ನನಗೆ ದಾರಿ ತೋರಿಸಿದ್ದು ಒಂದು ಒಂಟಿಜೇನು. ಟೈಲೋಥ್ರಿಕ್ಸ್ ಬಾಂಬಿಫಾರ್ಮಿಸ್ ಅಂತ ಅದರ ಹೆಸರು, ನೋಡಲು ದುಂಬಿಯ ಹಾಗೆ, ಕಪ್ಪು ಮೈ, ಬೆನ್ನ ಮೇಲೆ ಮಾಸಲು ಹಳದಿ ತುಪ್ಪಳ. ಗೂಡಿಲ್ಲ, ರಾಣಿಯಿಲ್ಲ. ಒಂದೊಂದು ತಾಯಿಯೂ ಗಟ್ಟಿ ಬೋಳುನೆಲದಲ್ಲಿ ತನ್ನದೇ ಬಿಲ ತೋಡುತ್ತದೆ. ನೆಲ ಗಟ್ಟಿಯಲ್ಲವೆ, ಅದಕ್ಕೆ ನೀರು ಬೇಕು. ಹತ್ತಿರದ ಗುಂಡಿಗೆ ಹೋಗಿ ನೀರಿನ ಮೇಲೆಯೇ ಕಾಲು ಚಾಚಿ ಇಳಿದು, ಬಾಯ್ತುಂಬ ಕುಡಿದು ಬಂದು, ಮಣ್ಣಿನ ಮೇಲೆ ಉಗುಳಿ, ಮೆತ್ತಗಾದ ಮಣ್ಣನ್ನು ಗುಳಿಗೆ ಮಾಡಿ ಹೊರಗೆ ತಳ್ಳುತ್ತದೆ. ಮತ್ತೆ ನೀರಿಗೆ ಹಾರುತ್ತದೆ. ನಾನು ಒಂದು ಮಧ್ಯಾಹ್ನ ಪ್ರಬಂಧದ ಅಧ್ಯಾಯ ಬಿಟ್ಟು ಇದನ್ನೇ ನೋಡುತ್ತ ಕೂತಿದ್ದೆ. ಬಿಲದೊಳಗೆ ಮರಿಗಾಗಿ ಅದು ಕೂಡಿಡುವುದು ಮುಖ್ಯವಾಗಿ ದಾಸವಾಳ ಜಾತಿಯ ಪರಾಗ. ಜೌಗು, ಗಟ್ಟಿನೆಲ, ನಿಂತ ನೀರು, ಆ ಹೂವು, ಎಲ್ಲವೂ ಹಾರುವ ದೂರದಲ್ಲಿ ಇರಬೇಕು. ಹೂವು ಹೋದರೆ ಈ ಜೇನೂ ಹೋಗುತ್ತದೆ.

ಇದನ್ನು ನೋಡಿದ ಮೇಲೆ 'ಇಲ್ಲಿಯದು' ಎಂಬ ಮಾತಿಗೆ ನನ್ನ ಪಾಲಿಗೆ ಬೇರೆ ಅರ್ಥ ಬಂತು. ಎಷ್ಟು ಶತಮಾನದಿಂದ ಇದೆ ಎಂಬುದಕ್ಕಿಂತ, ಇದನ್ನು ನಂಬಿಕೊಂಡು ಯಾರು ಬದುಕಿದ್ದಾರೆ ಎಂಬ ಪ್ರಶ್ನೆ ಮುಖ್ಯವೆನಿಸಿತು. ಡೆಲವೇರ್ ವಿಶ್ವವಿದ್ಯಾಲಯದ ಡಗ್ ಟಾಲಮಿ 2007ರ ತಮ್ಮ 'ಬ್ರಿಂಗಿಂಗ್ ನೇಚರ್ ಹೋಮ್' ಪುಸ್ತಕದಿಂದ ಈಚೆಗೆ ಹೇಳುತ್ತ ಬಂದಿರುವುದೂ ಸ್ಥೂಲವಾಗಿ ಇದನ್ನೇ: ಸ್ಥಳೀಯ ಗಿಡವನ್ನು ತಿನ್ನಲು ಇಲ್ಲಿನ ಹುಳುಗಳಿಗೆ ಗೊತ್ತು, ಹುಳುಗಳನ್ನು ತಿಂದು ಹಕ್ಕಿಮರಿಗಳು ಬೆಳೆಯುತ್ತವೆ. ಸಾಫ್ಲೈ ಮರಿಯನ್ನು ನೆರೆಮನೆಯವರು ಬಿಡುವುದು ಈ ಲೆಕ್ಕದಲ್ಲೇ. ತೂತಿಲ್ಲದ ಎಲೆ ಯಾರಿಗೂ ಊಟ ಹಾಕದ ಎಲೆ.

ಆದರೆ ಈ ಅಳತೆಯೂ ನಾನು ಬಯಸಿದಷ್ಟು ಚೊಕ್ಕವಾಗಿಲ್ಲ. ನಮ್ಮ ಬೀದಿಯ ಕೊನೆಯಲ್ಲಿ 'ರೋಸ್ ಆಫ್ ಶಾರನ್' ಎಂಬ ಪೊದೆಯಿದೆ. ಅದೂ ದಾಸವಾಳದ ಬಳಗ, ಪೂರ್ವ ಏಷ್ಯಾದ್ದು, ದಕ್ಷಿಣ ಕೊರಿಯಾದ ರಾಷ್ಟ್ರಪುಷ್ಪ. 1753ರಲ್ಲಿ ಲಿನೇಯಸ್ ಅದನ್ನು ಸಿರಿಯಾದ್ದೆಂದು ತಿಳಿದು 'ಸಿರಿಯಾಕಸ್' ಎಂದು ಹೆಸರಿಟ್ಟ. ವಿಳಾಸ ತಪ್ಪಿದರೂ ಹೆಸರು ಉಳಿಯಿತು. ನಮ್ಮ ಒಂಟಿಜೇನು ಆ ಪೊದೆಗೂ ಹೋಗುತ್ತದೆ. ಅದಕ್ಕೆ ಪರಾಗ ಸಿಕ್ಕರಾಯಿತು. ನರ್ಸರಿಗಳಲ್ಲಿ ಮಾರುವ ತಟ್ಟೆಗಾತ್ರದ ಹೂವಿನ ಗಿಡಗಳೋ, ಮಾಸ್ಕ್ಯೂಟಸ್ ಜೊತೆಗೆ ಅಮೆರಿಕದ್ದೇ ಆದ ಇನ್ನೆರಡು ದಾಸವಾಳಗಳನ್ನು ಬೆರೆಸಿ ಮಾಡಿದವು. ತಂದೆತಾಯಿ ಇಲ್ಲಿಯವರೇ, ಮಗು ಯಾವ ಜೌಗಿನಲ್ಲೂ ಹುಟ್ಟಿದ್ದಲ್ಲ. ಅದು ನಾಟಿಯೋ ಅಲ್ಲವೋ ಎಂದು ಇಲ್ಲಿನ ತೋಟಗಾರರು ಗಂಟೆಗಟ್ಟಲೆ ಜಗಳವಾಡುತ್ತಾರೆ. ನನಗೆ ಆ ಜಗಳದಲ್ಲಿ ಆಸಕ್ತಿ ಕಡಿಮೆ. ನಾನು ಕಾಡುಗಿಡದ ಬೀಜವನ್ನೇ ಹಾಕುತ್ತೇನೆ, ಯಾಕೆಂದರೆ ಒಂದೊಂದು ಬೀಜದ ಗಿಡವೂ ಬೇರೆ ಬೇರೆ ಗುಣದ್ದಾಗಿರುತ್ತದೆ. ಒಂದು ರೋಗ ಬಂದರೆ ಎಲ್ಲವೂ ಒಟ್ಟಿಗೆ ಸಾಯುವುದಿಲ್ಲ.

ಇನ್ನು ಆ ಡಬ್ಬಿ. ಆಲ್ಡೊ ಲಿಯೋಪೋಲ್ಡ್‌ನ ಹೆಸರಿನಲ್ಲಿ ನಡೆಯುವ ನೆಲದ ನೀತಿ, 1949ರಿಂದ ಈಚೆಗೆ ಪರಿಸರ ಚಿಂತನೆಯ ಅಡಿಗಲ್ಲು, ಒಟ್ಟು ಜೀವಸಮುದಾಯದ ಒಳಿತನ್ನು ಮುಂದಿಡುತ್ತದೆ. ಟಾಮ್ ರೀಗನ್ 1983ರಲ್ಲಿ ಪ್ರಾಣಿಗಳ ಹಕ್ಕಿನ ಪರ ಬರೆಯುತ್ತ, ಒಟ್ಟಿನ ಒಳಿತಿಗೆ ಬಿಡಿಜೀವವನ್ನು ಬಲಿ ಕೊಡುವ ಈ ಬಗೆಯನ್ನು ಫ್ಯಾಸಿಸಂ ಎಂದೇ ಕರೆದ. ನಾನು ಇಬ್ಬರ ನಡುವೆ ಬಹಳ ದಿನ ಓಲಾಡಿದ್ದೇನೆ. ಈಗ ನನಗನಿಸುವುದು ಇಷ್ಟು: ಬೀಟಲನ್ನು ಆಯುವುದಕ್ಕೆ ಕಾರಣ ಕೊಡಬಹುದು. ಈ ನೆಲದಲ್ಲಿ ಅದನ್ನು ಹಿಡಿತದಲ್ಲಿಡುವ ಶತ್ರುಗಳು ಸಾಕಷ್ಟಿಲ್ಲ, ಗಿಡ ಬೋಳಾಗುತ್ತದೆ, ಜೇನಿಗೆ ಹೂವಿಲ್ಲದಾಗುತ್ತದೆ. ಈ ಕಾರಣ ಸರಿಯೋ ತಪ್ಪೋ ಎಂದು ಅಂಗಳದಲ್ಲೇ ನೋಡಿ ತೀರ್ಮಾನಿಸಬಹುದು. 'ಅದು ಹೊರಗಿನದು' ಎಂಬುದು ಹಾಗಲ್ಲ, ಅದನ್ನು ಪರೀಕ್ಷಿಸಲು ಏನೂ ಇಲ್ಲ. ಮೊದಲನೆಯ ಬಗೆಯ ಕಾರಣದಲ್ಲಿ ಬೀಟಲ್‌ಗೆ ಅನ್ಯಾಯವಾಗುತ್ತಿದೆ ಎಂಬ ಅಳುಕಾದರೂ ಉಳಿದಿರುತ್ತದೆ. ಎರಡನೆಯದರಲ್ಲಿ ಅಳುಕೂ ತೀರಿಹೋಗಿರುತ್ತದೆ, ನನಗೆ ಭಯವಿರುವುದು ಅಲ್ಲಿ. ಇದನ್ನು ನೆರೆಮನೆಯವರಿಗೆ ಹೇಳಿದೆ. ಅವರು ಡಬ್ಬಿಯೊಳಗೆ ನೋಡಿ, ಮುಳುಗುವವನಿಗೆ ನಿನ್ನ ಕಾರಣದಿಂದ ಏನು ವ್ಯತ್ಯಾಸ ಎಂದು ಕೇಳಿದರು. ವ್ಯತ್ಯಾಸ ಮುಳುಗಿಸುವವನಿಗೆ, ಅವನು ನಾಳೆ ಇನ್ನಾರನ್ನು ಮುಳುಗಿಸಲು ತಯಾರಾಗುತ್ತಾನೆ ಎಂಬುದರಲ್ಲಿ, ಎಂದೆ. ಅವರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ನನಗೂ ಅದು ಪೂರ್ತಿ ಉತ್ತರವೆನಿಸಿಲ್ಲ.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ನನ್ನಂಥ ವಲಸಿಗರಿಗೆ ಗಿಡಗಳ ರೂಪಕ ಬಹಳ ಇಷ್ಟ. 'ನೋಡಿ, ದಾಸವಾಳವೂ ಹೊರಗಿನಿಂದ ಬಂದದ್ದು, ಈಗ ದೇವರ ಮುಡಿಯಲ್ಲಿದೆ. ನಮ್ಮನ್ನೂ ಹಾಗೇ ಸೇರಿಸಿಕೊಳ್ಳಿ.' ಕೇಳಲು ಹಿತ. ಆದರೆ ಈ ವಾದವನ್ನು ಒಪ್ಪಿದ ಕೂಡಲೆ ಎದುರಿನವನು ಲಂಟಾನವನ್ನು ತೋರಿಸುತ್ತಾನೆ, ಅವನ ಕೈಯಲ್ಲಿ ಮಚ್ಚಿರುತ್ತದೆ. ಮನುಷ್ಯರು ಪ್ರಭೇದಗಳಲ್ಲ. ಒಬ್ಬ ವ್ಯಕ್ತಿ ಇಲ್ಲಿರಲು ಅರ್ಹನೇ ಎಂಬುದಕ್ಕೆ ಅವನು ದಾಸವಾಳದಂತೆಯೋ ಲಂಟಾನದಂತೆಯೋ ಎಂದು ಅಳೆಯುವುದೇ ಅವಮಾನ, ಅಳತೆಯ ಫಲ ಅವನ ಪರವಾಗಿ ಬಂದರೂ ಸಹ. ನನಗೆ ಉಪಯೋಗವಿದ್ದರೆ ಇರಲಿ ಎನ್ನುವುದು ಗಿಡದ ಬಗ್ಗೆ ಆಡಬಹುದಾದ ಮಾತು. ವಾಟ್ಸನ್ ಕೋರ್ಟಿನಿಂದ ತಂದ ಪದಗಳನ್ನು ಕೋರ್ಟಿಗೆ ಮರಳಿಸುವಾಗ ಅವುಗಳಿಗೆ ಅಂಟಿಕೊಂಡ ಮಣ್ಣನ್ನು ಕೊಡವಬೇಕು.

ಅಮ್ಮನಿಗೆ ಫೋಟೊ ಕಳಿಸಿದ್ದೆ. ಫೋನಿನಲ್ಲಿ ನಕ್ಕು, 'ಅದೇನ್ ಮಗ ಅಷ್ಟ್ ದೊಡ್ಡ್ ಹೂವು, ಪಟಕ್ಕೆ ಇಟ್ರೆ ದೇವ್ರೇ ಕಾಣಲ್ವಲ್ಲ' ಅಂದರು. ಆಮೇಲೆ, 'ನೀನು ಅಲ್ಲಿರೋದು ಇನ್ನೆಷ್ಟು ದಿನ, ಯಾರಿಗೋಸ್ಕರ ನೆಡ್ತಿದೀಯ?' ಎಂದು ಕೇಳಿದರು. ಈ ಎರಡನೆಯ ಪ್ರಶ್ನೆಗೆ ನನ್ನಲ್ಲಿ ತಮಾಷೆಯ ಉತ್ತರವಿರಲಿಲ್ಲ. ಈ ಗಿಡ ಒಮ್ಮೆ ಬುಡ ಹಿಡಿದರೆ ಹಲವು ವರ್ಷ ಬಾಳುತ್ತದೆ. ನನ್ನ ವೀಸಾದ ಆಯುಸ್ಸು ಅಷ್ಟಿಲ್ಲ. ಬಾಡಿಗೆ ಮನೆಯವರು ಕುಂಡದಲ್ಲಿ ನೆಡುತ್ತಾರೆ, ನೆಲದಲ್ಲಿ ನೆಡುವುದು ಮನೆಯ ಒಡೆಯರ ಕೆಲಸ ಎಂಬ ಒಂದು ಅಲಿಖಿತ ನಿಯಮವಿದೆ. ನೆಲಕ್ಕೆ ಏನಾದರೂ ಮಾಡಬೇಕಾದ ಹೊಣೆ ಇರಬೇಕೆಂದರೆ ಅದು ನಮ್ಮ ಹೆಸರಿನಲ್ಲಿರಬೇಕೆ? ಆ ಒಂಟಿಜೇನು ಒಂದು ಬೇಸಿಗೆ ಮಾತ್ರ ಹಾರಾಡುತ್ತದೆ. ತಾನು ತೋಡಿದ ಬಿಲದಿಂದ ಮುಂದಿನ ವರ್ಷ ಹೊರಬರುವ ಮರಿಯನ್ನು ಅದು ನೋಡುವುದಿಲ್ಲ. ಅದರ ನೀತಿಯನ್ನು ನಾನು ಹೊತ್ತುಕೊಳ್ಳಬೇಕಿಲ್ಲ, ಈಗಷ್ಟೇ ಹೇಳಿದೆನಲ್ಲ ರೂಪಕಗಳ ಬಗ್ಗೆ. ಆದರೂ ಇಲ್ಲಿ ನೆಟ್ಟರೆ ಇಲ್ಲಿ ಯಾರಿಗೋ ಬೇಕಾಗುತ್ತದೆ ಎಂಬುದು ನನಗೆ ಗೊತ್ತಿರುವ ಸಂಗತಿ. ಗೊತ್ತಿದ್ದೂ ಕುಂಡದಲ್ಲಿ ನೆಡುವುದು ಹೇಗೆ?

ಅಕ್ಟೋಬರಿನಲ್ಲಿ ಕಾಯಿ ಒಣಗಿ ಐದು ಹೋಳಾಗಿ ಬಿರಿಯುತ್ತದೆ. ಬೀಜ ದುಂಡಗೆ, ಸಿಪ್ಪೆ ಗಟ್ಟಿ. ಉಪ್ಪುಕಾಗದದಲ್ಲಿ ಒಂದೆರಡು ಸಲ ಉಜ್ಜಿ, ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ ಬಿತ್ತಿದರೆ ಚೆನ್ನಾಗಿ ಮೊಳೆಯುತ್ತದೆ. ಕಳೆದ ವರ್ಷ ಹಾಗೆ ಎಬ್ಬಿಸಿದ ಮೂರು ಸಸಿಗಳನ್ನು ತಗ್ಗಿನಲ್ಲಿ ಊರಿದ್ದೇನೆ. ಒಂದೊಂದರ ಪಕ್ಕ ಒಂದು ಬಿದಿರುಕಡ್ಡಿ. ಮೇ ತಿಂಗಳು ಅರ್ಧ ಕಳೆಯುವ ತನಕ ಅಲ್ಲಿ ಏನೂ ಕಾಣುವುದಿಲ್ಲ, ಸತ್ತಿದೆ ಎಂದು ಅಗೆದುಬಿಡಬೇಡಿ ಎಂದು ಮುಂದೆ ಈ ಮನೆಗೆ ಬರುವವರಿಗೆ ಚೀಟಿ ಬರೆದು, ಅಡುಗೆಮನೆಯ ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದೇನೆ.